ಅರವತ್ನಾಲ್ಕರಿಂದ ಎಪ್ಪತ್ತೊಂದು

ಹೊಸ ಟೈರಿನ ಮೈಮೇಲೆ ಕೂದಲಿನಂಥ ಸಣ್ಣ ರಬ್ಬರ್ ಎಳೆಗಳಿರುತ್ತವೆ. ಅಚ್ಚಿನಿಂದ ಬಿಡಿಸುವಾಗ ಉಳಿದುಕೊಂಡವು. ಹೋದ ಗುರುವಾರ ತರೀಕೆರೆಯ ಒಂದು ಅಂಗಡಿಯಲ್ಲಿ ನನ್ನ ಜೀಪಿಗೆ ಐದು ಹೊಸ ಟೈರು ಹಾಕಿಸುತ್ತ ನಿಂತಿದ್ದೆ. ಕೈ ಸುಮ್ಮನಿರದೆ ಒಂದು ಎಳೆಯನ್ನು ಚಿವುಟಿ ಬೆರಳ ನಡುವೆ ಹೊಸೆದೆ. ಹೊಸ ರಬ್ಬರಿನ ಘಾಟು, ಅದರ ಮೇಲೆ ಬಳಿದಿದ್ದ ಸೋಪಿನ ನೀರಿನ ವಾಸನೆ… ಅಷ್ಟೇ ಸಾಕಾಯಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಖಾಕಿ ಅಂಗಿ ತೊಟ್ಟು, ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತ ಟೈರಕ್ಕ ಕಣ್ಣ ಮುಂದೆ ಬಂದಳು.

ಅವಳಿಗೂ ಒಂದು ಹೆಸರಿತ್ತು. ಆದರೆ ಲಾರಿಯವರಿಗೆ, ಟ್ರ್ಯಾಕ್ಟರಿನವರಿಗೆ, ತೆಂಗಿನಕಾಯಿ ಸಾಗಿಸುವ ಪಿಕಪ್ಪಿನವರಿಗೆ, ಕೊನೆಗೆ ನನಗೂ ಅವಳು ಟೈರಕ್ಕ. ಕಡೂರಿನಿಂದ ಬೀರೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ, ತಗಡಿನ ಚಪ್ಪರದ ಕೆಳಗೆ ಅವಳ ಅಂಗಡಿ. ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರವಿದ್ದ ಒಂದು ಕ್ಯಾಲೆಂಡರ್. ಅಂಗಡಿ ಮೊದಲು ಅವಳ ಗಂಡನದು. ಅವನು ಹೋದ ಮೇಲೆ ಅಂಗಡಿಯನ್ನು ಯಾರಿಗೆ ಕೊಡುತ್ತೀಯ ಎಂದು ನೆಂಟರು ಕೇಳಿದರಂತೆ. ಇವಳು ಗೂಟದಲ್ಲಿ ತೂಗುಹಾಕಿದ್ದ ಅವನ ಅಂಗಿಯನ್ನೇ ಸೀರೆಯ ಮೇಲೆ ತೊಟ್ಟು ಬಾಗಿಲು ತೆಗೆದಳಂತೆ. ನಾನು ಕಂಡಾಗ ಆ ಅಂಗಿಯ ತೋಳಿಗೆ ಮೂರು ತೇಪೆ ಬಿದ್ದಿದ್ದವು.

ನಾನು ದನದ ಡಾಕ್ಟರು. ಓದು ಮುಗಿಸಿ ಕಡೂರಿಗೆ ಬಂದ ಹೊಸದರಲ್ಲಿ ಒಂದು ಹಳೆಯ ಫೋರ್ ವೀಲ್ ಡ್ರೈವ್ ಜೀಪು ತೆಗೆದುಕೊಂಡಿದ್ದೆ. ಸೋಮವಾರ ತರೀಕೆರೆ ಕಡೆ, ಬುಧವಾರ ಅಜ್ಜಂಪುರದ ಕಡೆ, ಶುಕ್ರವಾರ ಎಮ್ಮೆದೊಡ್ಡಿಯ ಕಾವಲಿನ ಸುತ್ತ. ಮಳೆಗಾಲದಲ್ಲಿ ಆ ಕಾವಲಿನ ದಾರಿಗೂ ಅಜ್ಜಂಪುರದ ಹೊಲದ ದಾರಿಗೂ ನಾಲ್ಕೂ ಚಕ್ರ ಎಳೆಯುವ ಗಾಡಿ ಬಿಟ್ಟು ಬೇರೆಯದು ಹೋಗುತ್ತಿರಲಿಲ್ಲ. ಶಾಲೆಯ ದಿನಗಳಿಂದಲೂ ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ಎಷ್ಟು ಕರು ಹಾಕಿಸಿದೆ, ಎಷ್ಟು ಕಿಲೋಮೀಟರ್ ಓಡಿದೆ, ಯಾವ ಚಕ್ರದಲ್ಲಿ ಎಷ್ಟು ಗಾಳಿ, ಎಲ್ಲವೂ ಪುಸ್ತಕದಲ್ಲಿರುತ್ತಿತ್ತು. ಇದನ್ನು ಬರೆಯುವಾಗಲೂ ಆ ವರ್ಷಗಳ ಪುಸ್ತಕ ಪಕ್ಕದಲ್ಲಿದೆ. ಅದರ ಪ್ರಕಾರ ಟೈರಕ್ಕನ ಅಂಗಡಿಗೆ ನಾನು ಮೊದಲು ಹೋದದ್ದು ಜೂನ್ ತಿಂಗಳ ಒಂದು ಬುಧವಾರ, ಎಡಗಡೆ ಮುಂದಿನ ಚಕ್ರದ ಪಂಕ್ಚರ್‌ಗಾಗಿ.

"ಯಾವ್ ಕಡೆಯಿಂದ ಬಂದೆ?" ಅವಳು ಕೇಳಿದ ಮೊದಲ ಮಾತು ಅದು.

ಹೊಸ ಊರು, ಒಬ್ಬಳೇ ಓಡಾಡುವವಳು. ಬಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದೇ ಆಗಿ ನನಗೆ ಸಾಕಾಗಿತ್ತು. "ಯಾಕೆ?" ಅಂದೆ, ಸ್ವಲ್ಪ ಬಿಗಿಯಾಗಿಯೇ.

"ನಿನ್ ಗುಟ್ಟು ಕಟ್ಕೊಂಡು ನಂಗೇನಾಗ್ಬೇಕವ್ವಾ? ಚಕ್ರದೊಳಗೆ ಯಾವೂರ್ ಮಣ್ಣು ಕೂತೈತೆ ಅಂತ ಕೇಳ್ದೆ."

ಅಜ್ಜಂಪುರ ಎಂದೆ. ಅವಳು ಚಕ್ರ ಬಿಚ್ಚಿ ಮಗುಚಿ ಹಾಕಿ, ರಿಮ್ಮಿನ ಒಳಹೊಟ್ಟೆಯಿಂದ ಬಿದಿರಿನ ಸೀಳಿನಲ್ಲಿ ಕಪ್ಪು ಮಣ್ಣನ್ನು ಎಬ್ಬಿಸತೊಡಗಿದಳು. ಒಣಗಿ ಸಿಮೆಂಟಿನಂತಾಗಿತ್ತು. ಒಂದು ಹಿಡಿ ಮಣ್ಣು ಒಂದೇ ಕಡೆ ಕೂತರೂ ಚಕ್ರ ತೂಕ ತಪ್ಪಿ ಓಡುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

"ತರೀಕೆರೆ ಕೆಮ್ಮಣ್ಣು ನೆಂಟ್ರಿದ್ದಂಗೆ. ಒಂದ್ ಚೊಂಬು ನೀರ್ ಕೊಟ್ರೆ ಎದ್ದೋಯ್ತದೆ. ಈ ಅಜ್ಜಂಪುರದ ಎರೆಮಣ್ಣು ಐತಲ್ಲ, ಇದು ಮನೆ ಅಳಿಯ ಇದ್ದಂಗೆ ಕಣವ್ವಾ. ಕೂತ್ರೆ ಏಳಲ್ಲ."

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಟ್ರ್ಯಾಕ್ಟರಿನವನಿಗೆ ನಗು ಬಂದು ಟೀ ನೆತ್ತಿಗೇರಿತು. ಅವನು ಅಜ್ಜಂಪುರದ ಮನೆಯೊಂದಕ್ಕೆ ಅಳಿಯನಾಗಿ ಬಂದವನು ಎಂದು ಆಮೇಲೆ ತಿಳಿಯಿತು.

ಚಕ್ರದ ತೂಕ ಸರಿಮಾಡಲು ಅವಳ ಬಳಿ ಇದ್ದದ್ದು ಗಂಡ ತಂದಿಟ್ಟಿದ್ದ ಹಳೆಯ ಕಬ್ಬಿಣದ ಯಂತ್ರ. ವಿದ್ಯುತ್ತು ಬೇಡ. ಒಂದು ಕಂಬದ ಮೇಲೆ ಚಕ್ರವನ್ನು ಮಲಗಿಸಿ ಇಡುವುದು. ಅದರ ನೆತ್ತಿಯ ಮೇಲೆ ಎಣ್ಣೆ ತುಂಬಿದ ಗಾಜಿನ ಬಿಲ್ಲೆ, ಬಿಲ್ಲೆಯೊಳಗೆ ಒಂದು ಗಾಳಿಗುಳ್ಳೆ. ಚಕ್ರದ ಯಾವ ಬದಿ ಹಗುರವೋ ಆ ಕಡೆಗೆ ಗುಳ್ಳೆ ಸರಿಯುತ್ತದೆ. ಹಗುರವಾದ ಬದಿಯಲ್ಲಿ ರಿಮ್ಮಿನ ಅಂಚಿಗೆ ಸೀಸದ ಸಣ್ಣ ತುಂಡುಗಳನ್ನು, ಹತ್ತು ಗ್ರಾಮಿನದು, ಇಪ್ಪತ್ತು ಗ್ರಾಮಿನದು, ಸಿಕ್ಕಿಸುತ್ತ ಹೋಗಬೇಕು. ಗುಳ್ಳೆ ನಡುವಿನ ವೃತ್ತದೊಳಗೆ ಬಂದು ನಿಂತರೆ ಮುಗಿಯಿತು. ಅವಳು ಉಸಿರು ಬಿಗಿಹಿಡಿದು, ಮುಖವನ್ನು ಗಾಜಿನ ಹತ್ತಿರಕ್ಕೆ ತಂದು ನೋಡುತ್ತಿದ್ದಳು. ಆಗ ಯಾರಾದರೂ ಮಾತಾಡಿಸಿದರೆ ಎಡಗೈ ಎತ್ತುತ್ತಿದ್ದಳು. ಲಾರಿಯವರು ಕೂಡ ಸುಮ್ಮನಾಗುತ್ತಿದ್ದರು.

ಅಷ್ಟಕ್ಕೇ ಅವಳ ಕೆಲಸ ಮುಗಿಯುತ್ತಿರಲಿಲ್ಲ. ಚಕ್ರ ಹಾಕಿದ ಮೇಲೆ ಪ್ರತಿಯೊಬ್ಬರಿಗೂ ಒಂದೇ ಅಪ್ಪಣೆ: "ಗೇಟ್ ತನಕ ಹೋಗ್ಬಂದು ಹೇಳು." ಬೀರೂರು ದಾರಿಯ ರೈಲ್ವೆ ಗೇಟಿನವರೆಗೆ ವೇಗವಾಗಿ ಓಡಿಸಿ ಬಂದು, ಸ್ಟೀರಿಂಗ್ ಅಲುಗಿತೇ ಇಲ್ಲವೇ ಎಂದು ವರದಿ ಕೊಡಬೇಕು. ಯಾಕೆಂದರೆ ಅವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಊರಿನ ಗಾಡಿಗಳಿಗೆಲ್ಲ ಟೈರು ಹಾಕಿದವಳು ತನ್ನ ಕೆಲಸ ರಸ್ತೆಯ ಮೇಲೆ ಹೇಗಿದೆ ಎಂದು ತಾನೇ ಮುಟ್ಟಿ ನೋಡಿದ್ದಿಲ್ಲ. ಬೇರೆಯವರು ಹೇಳಿದ್ದೇ ಅವಳಿಗೆ ಗತಿ. ಹೆಚ್ಚಿನವರು ಗೇಟಿನವರೆಗೂ ಹೋಗದೆ ಅರ್ಧದಲ್ಲೇ ತಿರುಗಿಸಿ, ಹೆಬ್ಬೆರಳು ಎತ್ತಿ, "ಸೂಪರ್ ಅಕ್ಕಾ" ಎಂದು ಹೋಗಿಬಿಡುತ್ತಿದ್ದರು. "ಹೌದಾ? ಒಳ್ಳೇದಾಯ್ತು" ಎಂದು ಅವಳು ಒಳಗೆ ತಿರುಗುತ್ತಿದ್ದಳು.

ನಾನು ಮೊದಲ ಸಲ ಹೋಗಿ ಬಂದು, ಬರೆದುಕೊಂಡದ್ದನ್ನು ಓದಿದೆ. "ಅರವತ್ತರವರೆಗೆ ಏನೂ ಇಲ್ಲ. ಅರವತ್ತೆಂಟರಲ್ಲಿ ಸಣ್ಣ ನಡುಕ, ಎಡಗೈಗೆ ಹೆಚ್ಚು. ಎಪ್ಪತ್ತೈದಕ್ಕೆ ನಿಲ್ಲುತ್ತೆ."

ಅವಳು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕಿಟ್ಟಳು. "ಇನ್ನೊಂದ್ಸಲ ಹೇಳು."

ಓದಿದೆ. ಎಡಗಡೆ ಮುಂದಿನ ಚಕ್ರವನ್ನು ಮತ್ತೆ ಬಿಚ್ಚಿ, ಹತ್ತು ಗ್ರಾಮಿನ ಒಂದು ತುಂಡನ್ನು ಎರಡು ಬೆರಳಿನಷ್ಟು ಆಚೆ ಸರಿಸಿ, ಮತ್ತೆ ಹಾಕಿ ಕಳಿಸಿದಳು. ಈ ಸಲ ಏನೂ ಇರಲಿಲ್ಲ. ಏನೂ ಇಲ್ಲವೆಂದು ಹೇಳಿದಾಗ ಅವಳ ಮುಖ ಅರಳಿದ್ದನ್ನು ನಾನು ಪುಸ್ತಕದಲ್ಲಿ ಬರೆದಿಲ್ಲ. ಆದರೆ ನೆನಪಿದೆ.

ಅಲ್ಲಿಂದಾಚೆ ನನ್ನ ಕೈಗಳು ಅವಳ ಕೆಲಸಕ್ಕೆ ಬಂದವು. ಬೇರೆಯವರ ಗಾಡಿ ನಿಂತಿದ್ದಾಗ ನಾನೇನಾದರೂ ಆ ದಾರಿಯಲ್ಲಿ ಬಂದರೆ, "ಡಾಕ್ಟ್ರಮ್ಮಾ, ಇವನ್ ಗಾಡಿನೂ ಗೇಟ್ ತನಕ ಓಡ್ಸಿ ಹೇಳವ್ವಾ. ಇವನಿಗೆ ಸ್ಟೇರಿಂಗೂ ಒಂದೇ ಹಗ್ಗಾನೂ ಒಂದೇ" ಎಂದು ಬೀಗದಕೈ ಕಿತ್ತು ನನಗೆ ಕೊಡುತ್ತಿದ್ದಳು. ಎರಡೂವರೆ ವರ್ಷದಲ್ಲಿ ನಾನು ಅವಳಿಗೆ ಕೊಟ್ಟ ವರದಿಗಳು ನಲವತ್ತೊಂದು. ಅದರಲ್ಲಿ ನಲವತ್ತು ನಿಜ.

ಕಣ್ಣಿನ ವಿಷಯ ಅವಳಾಗಿಯೇ ಹೇಳಲಿಲ್ಲ. ಹತ್ತು ಗ್ರಾಮಿನದು ಇಪ್ಪತ್ತು ಗ್ರಾಮಿನದು ಎಂದು ಸೀಸದ ತುಂಡುಗಳನ್ನು ನೋಡಿ ಆರಿಸುತ್ತಿದ್ದವಳು ಅಂಗೈಯಲ್ಲಿ ತೂಗಿ ಆರಿಸತೊಡಗಿದ್ದನ್ನು ನಾನೇ ಗಮನಿಸಿದೆ. ಕೇಳಿದ್ದಕ್ಕೆ ನಕ್ಕಳು. ಬಿಡದೆ ಒಂದು ದಿನ ಜೀಪಿನಲ್ಲಿ ಕೂರಿಸಿಕೊಂಡು ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಪೊರೆಯಾಗಿದ್ದರೆ ತೆಗೆಯಬಹುದಿತ್ತು. ಇದು ಕಣ್ಣಿನ ನರ ಒಣಗುತ್ತಿರುವುದು. ಹೋದಷ್ಟು ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳಲು ದಿನಕ್ಕೆ ಎರಡು ಸಲ ಹನಿ ಹಾಕಿಕೊಳ್ಳಬೇಕು ಎಂದರು.  ವಾಪಸು ಬರುವಾಗ, ಸಖರಾಯಪಟ್ಟಣ ದಾಟಿದ ಮೇಲೆ, ಅವಳು ತನಗೇ ಹೇಳಿಕೊಳ್ಳುವಂತೆ ಹೇಳಿದಳು:

"ಬಾಗ್ಲು ಹಾಕಿದ್ರೆ ನಾನ್ಯಾರು ಹೇಳು? ಅಜ್ಜಂಪುರದ ಕಡೆ ತಂಗಿ ಅವ್ಳೆ. ಅವಳ ಮನೆ ಜಗುಲಿ ಮೇಲೆ ಕೂತು ಈರುಳ್ಳಿ ಬಾಲ ಕತ್ತರಿಸೋ ಮುದುಕಿ. ಈ ಅಂಗಡೀಲಿ ಲಾರಿ ಡ್ರೈವರ್‌ಗಳೆಲ್ಲ ನನ್ ಮಾತಿಗೆ ಕಾಯ್ಕೊಂಡು ನಿಂತಿರ್ತಾರೆ."

ಆಮೇಲೆ ನನ್ನ ಕಡೆ ತಿರುಗಿದಳು. "ಗುಳ್ಳೆ ನಡುವೆ ನಿಂತೈತೋ ಇಲ್ವೋ ಅಂತ ಹೇಳೋದು ನನ್ ಕಣ್ಣು. ಕಣ್ಣು ಸುಳ್ ಹೇಳುದ್ರೆ ನಿನ್ ಕೈ ಹೇಳ್ತೈತೆ. ಅಲುಗ್ತು ಅಂದ್ರೆ ಅಲುಗ್ತು ಅನ್ಬೇಕು ನೀನು. ಒಂದ್ ಸಲ ಅಂದ್ರೂ ಸಾಕು, ಅವತ್ತೇ ಬಾಗ್ಲು ಹಾಕ್ತೀನಿ. ಯಾರ್ ಯಾರ್ದೋ ಮಕ್ಳು ಕೂತ್ಕೊಂಡು ಹೋಗೋ ಗಾಡಿ ಕಣವ್ವಾ."

ಆಗಲಿ ಎಂದೆ. ಆ ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಆಮೇಲಿನ ನಾಲ್ಕು ತಿಂಗಳಲ್ಲಿ ಆರು ಗಾಡಿಗಳ ವರದಿ ಕೊಟ್ಟಿದ್ದೆ. ಆರೂ ಸರಿಯಿದ್ದವು. ದಿನವೂ ಬೆಳಿಗ್ಗೆ ಎಂಟಕ್ಕೆ ಫೋನು ಮಾಡಿ "ಹನಿ ಹಾಕ್ಕೊಂಡ್ಯಾ?" ಎಂದು ಕೇಳುತ್ತಿದ್ದೆ. "ನನ್ನತ್ತೆನೂ ಇಷ್ಟ್ ವಿಚಾರಿಸ್ಲಿಲ್ಲ ಕಣೇ ನನ್ನ" ಎನ್ನುತ್ತಿದ್ದಳು.

ಜನವರಿಯಲ್ಲಿ ನನ್ನ ಜೀಪಿನ ಟೈರುಗಳು ಬದಲಾಯಿಸುವ ಹಂತಕ್ಕೆ ಬಂದವು. ನಾನು ಹಿಂದಿನ ಎರಡನ್ನು ಮಾತ್ರ ಹೊಸದು ಹಾಕಿಸೋಣವೆಂದಿದ್ದೆ. ಮುಂದಿನವು ಇನ್ನೂ ಮೂರು ಸಾವಿರ ಕಿಲೋಮೀಟರ್ ಬರುತ್ತವೆ ಎಂದು ನನ್ನ ಲೆಕ್ಕ. ಟೈರಕ್ಕ ಒಪ್ಪಲಿಲ್ಲ. ದರ್ಜಿಯ ಟೇಪು ತಂದು ಮುಂದಿನ ಟೈರಿನ ಸುತ್ತ ಹಿಡಿದು, ಆಮೇಲೆ ಹೊಸ ಟೈರಿನ ಸುತ್ತ ಹಿಡಿದು, ನನ್ನಿಂದಲೇ ಅಳತೆ ಓದಿಸಿದಳು. ಎರಡು ಇಂಚು ವ್ಯತ್ಯಾಸ.

"ಬ್ಯಾರೆ ಗಾಡಿ ಆದ್ರೆ ನಡೀತಿತ್ತು. ಇದು ನಾಲ್ಕೂ ಚಕ್ರ ಸೇರ್ಕೊಂಡು ಎಳೆಯೋ ಗಾಡಿ. ಸಣ್ಣ ಚಕ್ರ ಜಾಸ್ತಿ ಸುತ್ಬೇಕು, ದೊಡ್ಡದು ಕಮ್ಮಿ ಸುತ್ಬೇಕು. ಒಳಗಿರೋ ಗೇರು ಇಬ್ರ ನಡುವೆ ಸಿಕ್ಕಾಕ್ಕೊಂಡು ಸಾಯ್ತದೆ. ಹಾಕೋದಾದ್ರೆ ಐದೂ ಹೊಸದು ಹಾಕು. ಸ್ಟೆಪ್ನಿನೂ ಒಂದೇ ಅಳತೆ ಇರ್ಬೇಕು."

ಹಾಗಾಗಿ ಐದು ಟೈರು ಬಂದವು, ದಪ್ಪ ಹಲ್ಲಿನವು. ಅವತ್ತು ಭಾನುವಾರ. ಬೇರೆ ಯಾರ ಕೆಲಸವನ್ನೂ ಹಿಡಿಯದೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಅದೊಂದೇ ಕೆಲಸ ಮಾಡಿದಳು. ಹಳೆಯ ಟೈರಿನ ಅಂಚನ್ನು ಕಬ್ಬಿಣದ ಪಟ್ಟಿಯಿಂದ ರಿಮ್ಮಿನಿಂದ ಎಬ್ಬಿಸುವಾಗ ಅವಳ ಮುಂಗೈಯ ನರಗಳು ಹಗ್ಗದಂತೆ ಎದ್ದು ನಿಂತಿದ್ದವು. ರಿಮ್ಮಿನ ತುಕ್ಕನ್ನು ಬ್ರಷ್ಷಿನಲ್ಲಿ ತಿಕ್ಕಿದಳು. ಹೊಸ ಟೈರಿನ ಬದಿಯಲ್ಲಿ ಹಳದಿಯ ಒಂದು ಚುಕ್ಕೆ ಇರುತ್ತದೆ. ಟೈರಿನಲ್ಲಿ ಎಲ್ಲಕ್ಕಿಂತ ಹಗುರವಾದ ಜಾಗ ಅದು. ಗಾಳಿ ತುಂಬುವ ವಾಲ್ವ್ ರಿಮ್ಮಿನ ಭಾರದ ಜಾಗ. ಅದೂ ಇದೂ ಒಂದೇ ಕಡೆ ಬರುವಂತೆ ಕೂರಿಸಬೇಕು. ಹಳದಿ ಚುಕ್ಕೆ ಎಲ್ಲಿದೆ ಎಂದು ಅವಳು ನನ್ನನ್ನು ಕೇಳಿದಳು. ನಾನು ಅವಳ ಬೆರಳು ಹಿಡಿದು ಚುಕ್ಕೆಯ ಮೇಲಿಟ್ಟೆ. ಅಲ್ಲಿಂದ ಮುಂದೆ ಅವಳ ಬೆರಳೇ ದಾರಿ ಹಿಡಿಯಿತು. ಸೋಪಿನ ನೀರು ಬಳಿದು ಗಾಳಿ ಬಿಟ್ಟಾಗ ಟೈರು 'ಢಬ್' ಎಂದು ರಿಮ್ಮಿಗೆ ಕೂತ ಸದ್ದಿಗೆ ಪ್ರತಿ ಸಲವೂ ಅವಳು "ಹಾಂ, ಕೂತ್ಕ" ಎನ್ನುತ್ತಿದ್ದಳು, ಹಟ ಮಾಡುವ ಮಗುವಿಗೆ ಹೇಳಿದಂತೆ.

ಆಮೇಲೆ ಗಾಳಿಗುಳ್ಳೆ. ಗುಳ್ಳೆಯನ್ನು ನಾನು ನೋಡಿ ಹೇಳಲೇ ಎಂದೆ. ಎಡಗೈ ಎತ್ತಿದಳು. ಅದು ಅವಳ ಕೆಲಸ. ನನ್ನದು ರಸ್ತೆಯ ಮೇಲಿನದು. ಕಣ್ಣನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಕಣ್ಣಿನ ಯಾವುದೋ ಉಳಿದ ಮೂಲೆಯಿಂದ ನೋಡಿದಳು. ನಾನು ಬೇಕೆಂದೇ ರಸ್ತೆಯ ಕಡೆ ತಿರುಗಿ ನಿಂತೆ. ಐದೂ ಚಕ್ರಗಳಾದವು. ನಟ್ಟುಗಳನ್ನು ಒಂದಾದ ಮೇಲೆ ಅದರ ಎದುರಿನದು, ಆಮೇಲೆ ಅದರ ಎದುರಿನದು ಎಂಬ ಕ್ರಮದಲ್ಲಿ ಬಿಗಿದು, ಸೊಂಟ ಹಿಡಿದುಕೊಂಡು ಎದ್ದು ನಿಂತಳು.

"ಗೇಟ್ ತನಕ ಹೋಗ್ಬಂದು ಹೇಳು."

ಹೋದೆ. ಐವತ್ತು, ಐವತ್ತೈದು, ಅರವತ್ತು. ಹೊಸ ಟೈರಿನ ಗುಂಯ್ ಶಬ್ದ ಬಿಟ್ಟರೆ ಏನಿಲ್ಲ. ಅರವತ್ನಾಲ್ಕಕ್ಕೆ ಸ್ಟೀರಿಂಗ್ ನಡುಗಿತು. ಸಣ್ಣ ನಡುಕವಲ್ಲ. ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡೆರಡಾಗಿ ಕಂಡಿತು. ಎಪ್ಪತ್ತೊಂದು ದಾಟಿದ ಮೇಲೆ ನಿಂತಿತು. ಗೇಟಿನ ಹತ್ತಿರ ತಿರುಗಿಸಿಕೊಂಡು ಮತ್ತೆ ನೋಡಿದೆ, ಅದೇ. ಮತ್ತೊಮ್ಮೆ ಗೇಟಿಗೆ ಹೋಗಿ ನೋಡಿದೆ, ಅದೇ. ಒಂದು ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ ಪುಸ್ತಕದಲ್ಲಿ ಬರೆದೆ: '64–71, ನಡುಕ ಜೋರು, ಮುಂದಿನ ಎರಡೂ ಚಕ್ರ.' ಬರೆದಾದ ಮೇಲೆ ಏಳು ನಿಮಿಷ ಅಲ್ಲೇ ಕೂತಿದ್ದೆ. ಐದು ಗಂಟೆಯ ಅವಳ ಆ ದುಡಿಮೆ ಕಣ್ಣ ಮುಂದಿತ್ತು. ಅವಳ ತಂಗಿಯ ಮನೆಯ, ನಾನು ಕಾಣದ ಜಗುಲಿಯೂ ಕಣ್ಣ ಮುಂದಿತ್ತು.

ಅಂಗಡಿಯ ಮುಂದೆ ನಿಲ್ಲಿಸಿದಾಗ ಅವಳು ಚಪ್ಪರದ ಕಂಬ ಹಿಡಿದು ನಿಂತಿದ್ದಳು. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು.

"ಏನೂ ಇಲ್ಲ ಅಕ್ಕ," ಅಂದೆ.

"ಎಷ್ಟರಿಂದ ಎಷ್ಟರ ತನಕ ನೋಡ್ದೆ?"

"ನಲವತ್ತರಿಂದ ಎಂಬತ್ತರ ತನಕ. ಏನೂ ಇಲ್ಲ."

ಅವಳು ಕಂಬಕ್ಕೆ ಹಣೆ ಊರಿದಳು. "ಬದುಕ್ದೆ ಕಣವ್ವಾ," ಎಂದಳು. ಆಮೇಲೆ ರಸ್ತೆಯಾಚೆಯ ಟೀ ಅಂಗಡಿಯವನಿಗೆ ಕೂಗಿ, "ಲೇ, ಎಲ್ರಿಗೂ ಟೀ ಕೊಡೋ, ಡಾಕ್ಟ್ರಮ್ಮನಿಗೆ ಎರಡು ಬನ್ನು ಕೊಡು" ಅಂದಳು. ನಾನು ಎರಡೂ ಬನ್ನು ತಿಂದೆ. 

ಆ ದಿನದಿಂದ ನಾನು ಅರವತ್ತೆರಡಕ್ಕಿಂತ ವೇಗವಾಗಿ ಗಾಡಿ ಓಡಿಸಲಿಲ್ಲ. ತರೀಕೆರೆಗೆ ಹತ್ತು ನಿಮಿಷ ಮುಂಚೆ ಹೊರಡುತ್ತಿದ್ದೆ. ಬೇರೆ ಕಡೆ ಹೋಗಿ ಗುಟ್ಟಾಗಿ ಸರಿಮಾಡಿಸಬಹುದಿತ್ತು. ಆದರೆ ರಿಮ್ಮಿನ ಅಂಚಿಗೆ ಅವಳು ಹಾಕದ ಒಂದು ಸೀಸದ ತುಂಡು ಬಂದರೂ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಗಾಡಿ ನನ್ನದು, ಅಪಾಯವೂ ನನ್ನದು, ನಾನು ನಿಧಾನ ಹೋದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಅಷ್ಟು ಲೆಕ್ಕ ಇಡುವವಳಿಗೆ ಇದೊಂದು ಹೊಳೆಯಲಿಲ್ಲ… ಅವಳು ತೂಕ ಹಾಕುತ್ತಿದ್ದದ್ದು ನನ್ನ ಗಾಡಿಗೆ ಮಾತ್ರವಲ್ಲ.

ಮಾರ್ಚಿನಲ್ಲಿ ಒಂದು ದಿನ ನಾನು ಅಲ್ಲಿದ್ದಾಗಲೇ ಒಬ್ಬ ಪಿಕಪ್ಪಿನವನು ಬಂದು ಕೂಗಾಡಿದ. "ಏನಕ್ಕಾ, ಬಳ್ಳಾವರ ದಾಟಿದ್ ಮೇಲೆ ಗಾಡಿ ಹಿಂಗ್ ಕುಣೀತದಲ್ಲಾ! ಹಿಂದೆ ಹೆಂಡ್ತಿ ಮಕ್ಳು ಕೂತಿದ್ರು."

"ನಿನ್ ಓಡ್ಸೋ ಚಂದಕ್ಕೆ ಕುಣೀದೆ ಏನ್ ಮಾಡ್ತದೆ?" ಟೈರಕ್ಕ ಕೂತಲ್ಲಿಂದಲೇ ಗದರಿದಳು. "ಡಾಕ್ಟ್ರಮ್ಮನ ಗಾಡಿಗೆ ಐದು ಚಕ್ರ ಇದೇ ಕೈಯಾಗೆ ಹಾಕಿವ್ನಿ. ಎಂಬತ್ತರ ತನಕ ಕೂದ್ಲಷ್ಟೂ ಅಲುಗ್ಲಿಲ್ಲ. ಕೇಳು ಬೇಕಾದ್ರೆ, ಇಲ್ಲೇ ಅವ್ರೆ."

ಅವನು ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ಗೊಣಗುತ್ತ ಹೋದ. ಅವನ ಗಾಡಿಯ ನಂಬರನ್ನು ನಾನು ಬರೆದುಕೊಂಡೆ. ಯಾಕೆ ಬರೆದುಕೊಂಡೆನೋ ಗೊತ್ತಿಲ್ಲ. ಒಂದು ವಾರ ದಿನವೂ ಆ ನಂಬರಿನ ಗಾಡಿ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿದೆಯೇ ಎಂದು ನೋಡಿ ಬರುತ್ತಿದ್ದೆ. ಇರುತ್ತಿತ್ತು. ಕಂಡಾಗ ಉಸಿರು ಬರುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಎಂಟು ಸಾವಿರ ಕಿಲೋಮೀಟರಿಗೆ ಚಕ್ರಗಳ ಜಾಗ ಬದಲಾಯಿಸಬೇಕು. ಮುಂದಿನವು ಹಿಂದಕ್ಕೆ, ಸ್ಟೆಪ್ನಿಯೂ ಸರದಿಯಲ್ಲಿ. ಆ ದಿನವನ್ನು ನಾನೇ ಅವಳಿಗೆ ಹೇಳಿಟ್ಟಿದ್ದೆ. ಅವಳು ಬೆರಳು ಮಡಿಸಿ ಕಾಯುತ್ತಿದ್ದಳು. ಏಪ್ರಿಲ್ ಕೊನೆಯಲ್ಲಿ ಹೋದೆ. ಬಲಗಡೆ ಮುಂದಿನ ಚಕ್ರ ಬಿಚ್ಚಿ ನೆಲದ ಮೇಲೆ ಉರುಳಿಸುತ್ತ ಟೈರಿನ ಮೈಮೇಲೆ ಅಂಗೈ ಇಟ್ಟಳು. ಒಂದು ಸುತ್ತು ಬಂತು. ಅಂಗೈ ನಿಂತಿತು. ಮತ್ತೆ ಒಂದು ಸುತ್ತು, ಈಗ ನಿಧಾನವಾಗಿ. ತೂಕ ತಪ್ಪಿದ ಚಕ್ರ ನೆಲವನ್ನು ಸಮನಾಗಿ ತುಳಿಯುವುದಿಲ್ಲ, ಕುಪ್ಪಳಿಸುತ್ತದೆ. ಕುಪ್ಪಳಿಸಿ ಬಿದ್ದ ಕಡೆಯೆಲ್ಲ ರಬ್ಬರು ಸವೆದು ತಗ್ಗಾಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ಅಂಗೈಗೆ ಸಿಗುತ್ತದೆ.

ಅವಳು ಎಡಗಡೆಯದನ್ನೂ ಬಿಚ್ಚಿದಳು. ಅದನ್ನೂ ಸವರಿದಳು. ಆಮೇಲೆ ಬಳಸದೆ ಇದ್ದ ಸ್ಟೆಪ್ನಿಯನ್ನು ಇಳಿಸಿ ಅದನ್ನು ಸವರಿದಳು. ಅದು ನುಣುಪಾಗಿತ್ತು.

ಅವಳು ಕೇಳದಿದ್ದರೂ ನಾನೇ ಹೇಳಿದೆ. "ಎರೆಮಣ್ಣು ಕೂತಿತ್ತೇನೋ ಅಕ್ಕ, ಅಜ್ಜಂಪುರಕ್ಕೆ ಹೋಗಿದ್ದೆನಲ್ಲ."

"ಜನವರಿಯಿಂದ ಒಂದ್ ಹನಿ ಮಳೆ ಬಿದ್ದಿಲ್ಲ," ಎಂದಳು. "ಒಣಗಿರೋ ಎರೆಮಣ್ಣು ಎಲ್ಲಿ ಅಂಟ್ಕಂತು ನಿಂಗೆ?"

 ಅವಳು ಬಹಳ ಹೊತ್ತು ಟೈರಿನ ಮೇಲಿನ ಕೈ ತೆಗೆಯಲಿಲ್ಲ.

"ಬರ್ದಿಟ್ಟಿದ್ದೀಯಾ?"

"ಹೂಂ."

"ಓದು."

ಜೀಪಿನಿಂದ ಪುಸ್ತಕ ತಂದು ಆ ಭಾನುವಾರದ ಪುಟ ತೆಗೆದು ಓದಿದೆ. ಅರವತ್ನಾಲ್ಕರಿಂದ ಎಪ್ಪತ್ತೊಂದು, ನಡುಕ ಜೋರು, ಮುಂದಿನ ಎರಡೂ ಚಕ್ರ. 

"ಪುಸ್ತಕಕ್ಕೆ ನಿಜ ಹೇಳ್ದೆ," ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ಆ ಪಿಕಪ್ಪಿನವನ್ನ ಬೈದ್ ಕಳಿಸ್ದೆನಲ್ಲೇ ನಾನು… ಹಿಂದೆ ಮಕ್ಳಿದ್ವಂತೆ."

"ನೀನು ಬಾಗಿಲು ಹಾಕ್ತೀನಿ ಅಂದಿದ್ದೆ ಅಕ್ಕ."

"ಹಾಕ್ತಿದ್ದೆ. ಹಾಕಿ, ಜೀಪಿನಾಗೆ ನಿನ್ ಪಕ್ಕ ಕೂತು ಹೋಯ್ತಿದ್ದೆ. ಇನ್ನೊಬ್ರು ಯಾರೋ ತೂಕ ಹಾಕ್ತಿದ್ರು, ನೀನ್ ಓಡ್ಸಿ ಹೇಳ್ತಿದ್ದೆ, ನಾನು ತಪ್ಪ್ ಹುಡುಕ್ತಿದ್ದೆ. ನಿನ್ ಕೈ ನಿಜ ಹೇಳಿದ್ರೆ ಕಣ್ಣಿಲ್ದೆ ಇರ್ಬೋದಿತ್ತು ಕಣವ್ವಾ ನಾನು."

ಅಷ್ಟೇ ಅವಳು ಹೇಳಿದ್ದು. ಕೆಲಸ ಅರ್ಧಕ್ಕೆ ಬಿಡಲಿಲ್ಲ. ಚಕ್ರಗಳನ್ನು ಜಾಗ ಬದಲಾಯಿಸಿ ಹಾಕಿದಳು. ನಟ್ಟುಗಳನ್ನು ಒಂದಾದ ಮೇಲೆ ಎದುರಿನದು ಎಂಬ ಕ್ರಮದಲ್ಲೇ ಬಿಗಿದಳು. ಎದ್ದು ಕೈ ಒರೆಸಿಕೊಂಡಳು. ನಾನು ಎಂಜಿನ್ ಹಚ್ಚಿ ಕಾದೆ. ಅವಳು ಒಳಗೆ ಹೋಗಿ ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಗೋಡೆಗೆ ತೂಗುಹಾಕತೊಡಗಿದಳು. ಗೇಟಿನ ತನಕ ಹೋಗಿ ಬಾ ಎನ್ನಲಿಲ್ಲ. ಆ ಎರಡೂವರೆ ವರ್ಷದಲ್ಲಿ ಅದೊಂದೇ ಸಲ.

ಬಾಗಿಲು ಹಾಕುವ ಮೊದಲು ಅವಳು ಆ ಪಿಕಪ್ಪಿನವನನ್ನು ಹುಡುಕಿಸಿ ಕರೆಸಿ, ಅವನ ಎದುರಲ್ಲಿ ತಪ್ಪು ತನ್ನದೆಂದು ಹೇಳಿ, ಬೀರೂರಿನ ಇನ್ನೊಂದು ಅಂಗಡಿಗೆ ಕಳಿಸಿದಳಂತೆ. ನನ್ನ ಹೆಸರು ಎತ್ತಲಿಲ್ಲವಂತೆ. ಟೀ ಅಂಗಡಿಯವನು ಹೇಳಿದ್ದು. ಮೇ ಎರಡನೆಯ ವಾರ ನಾನು ಹೋದಾಗ ಚಪ್ಪರದ ತಗಡು ಇಳಿಸಿದ್ದರು. ಕಬ್ಬಿಣದ ಯಂತ್ರ ಇದ್ದ ಕಡೆ ನೆಲದಲ್ಲಿ ನಾಲ್ಕು ಬೋಲ್ಟಿನ ತೂತುಗಳಿದ್ದವು.

ಅಜ್ಜಂಪುರದ ಕಡೆಯ ಅವಳ ತಂಗಿಯ ಮನೆಗೆ ಒಂದು ಬುಧವಾರ ಹೋದೆ. ಹೋಗುವ ಮೊದಲು ನಾಲ್ಕೂ ಚಕ್ರಗಳನ್ನು ಬೇರೆ ಕಡೆ ಸರಿಮಾಡಿಸಿದ್ದೆ. ಜಗುಲಿಯ ಮೇಲೆ ಈರುಳ್ಳಿಯ ರಾಶಿಯ ಮುಂದೆ ಕೂತಿದ್ದಳು. ಖಾಕಿ ಅಂಗಿ ಇರಲಿಲ್ಲ. ಅದಿಲ್ಲದೆ ಅವಳನ್ನು ನಾನು ಕಂಡಿದ್ದೇ ಇಲ್ಲ, ತುಂಬ ಸಣ್ಣಗೆ ಕಂಡಳು. ದನಿ ಕೇಳಿ ಗುರುತು ಹಿಡಿದು ಪ್ರೀತಿಯಿಂದಲೇ ಕರೆದಳು. ಕೂರಿಸಿದಳು, ಮಜ್ಜಿಗೆ ಕೊಡಿಸಿದಳು. ತಂಗಿಯ ಹಸು ಮೇವು ತಿನ್ನದ ಸಂಗತಿ ಹೇಳಿದಳು. ನೋಡಿ ಔಷಧ ಕೊಟ್ಟೆ. ಟೈರಿನ ಮಾತು ಬರಲಿಲ್ಲ. ಹೊರಡುವಾಗ ಜೀಪಿನವರೆಗೆ ಗೋಡೆ ಹಿಡಿದು ಬಂದಳು. ನನಗೆ ತಡೆಯಲಾಗಲಿಲ್ಲ.

"ಈಗ ಅಲುಗಲ್ಲ ಅಕ್ಕ. ಎಂಬತ್ತರ ತನಕ ನೋಡಿದೆ."

"ಹೌದಾ? ಒಳ್ಳೇದಾಯ್ತು," ಎಂದಳು.

ಹೆಬ್ಬೆರಳು ಎತ್ತಿ ಹೋಗುವವರಿಗೆ ಹೇಳುತ್ತಿದ್ದ ದನಿ ಅದು. ಕೈ ಚಾಚಿದರೆ ಟೈರು ಸಿಗುವಷ್ಟು ಹತ್ತಿರ ನಿಂತಿದ್ದಳು. ಕೈ ಚಾಚಲಿಲ್ಲ.

ಮತ್ತೆ ಹೋಗಬೇಕು ಎಂದುಕೊಂಡೆ. ನಂಬುವಂತೆ ಏನಾದರೂ ಹೇಳಬೇಕು ಎಂದುಕೊಂಡೆ. ಏನು ಹೇಳಿದರೆ ನಂಬುತ್ತಾಳೆ ಎಂದು ಗೊತ್ತಾಗದೆ ಬುಧವಾರಗಳು ಹೋದವು. ಹತ್ತೊಂಬತ್ತು ಬುಧವಾರಗಳು. ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಎಮ್ಮೆದೊಡ್ಡಿಯ ಕಡೆ, ಸಿಗ್ನಲ್ ಇಲ್ಲದ ಜಾಗದಲ್ಲಿ ಒಂದು ಹಸುವಿಗೆ ಕರು ಹಾಕಿಸುತ್ತಿದ್ದೆ. ಸಿಗ್ನಲ್ ಸಿಕ್ಕು ಫೋನು ತೆರೆದಾಗ ಅವಳ ತಂಗಿಯ ನಾಲ್ಕು ಕರೆಗಳು ಬಂದು ಹೋಗಿದ್ದವು. ಮಣ್ಣಾಗಿ ಎರಡು ಗಂಟೆಯಾದ ಮೇಲೆ ತಲುಪಿದೆ…

ತರೀಕೆರೆಯ ಅಂಗಡಿಯಲ್ಲಿ ಈಗ ಕಂಪ್ಯೂಟರ್ ಯಂತ್ರವಿದೆ. ಚಕ್ರವನ್ನು ನೆಟ್ಟಗೆ ನಿಲ್ಲಿಸಿ ಗಿರ್ರನೆ ತಿರುಗಿಸುತ್ತದೆ, ಎಲ್ಲಿ ಎಷ್ಟು ಗ್ರಾಮ್ ಬೇಕೆಂದು ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ಐದೂ ಚಕ್ರಕ್ಕೆ ಸೊನ್ನೆ ಬಂದ ಮೇಲೆ ಅಂಗಡಿಯವರು ಬೀಗದಕೈ ಕೊಟ್ಟರು.

"ಓಡಿಸಿ ನೋಡಿ ಬಂದು ಹೇಳಲಾ?"

"ಯಾಕ್ ಮೇಡಂ? ಮೆಷಿನ್ನೇ ಹೇಳ್ತಲ್ಲ ಸೊನ್ನೆ ಅಂತ."

ಆದರೂ ಶಿವಮೊಗ್ಗದ ರಸ್ತೆಯಲ್ಲಿ ಹೋದೆ. ಅರವತ್ನಾಲ್ಕು, ಅರವತ್ತೈದು, ಒಂದೊಂದೇ ಅಂಕಿ ಏರಿಸುತ್ತ ಎಪ್ಪತ್ತೊಂದು ದಾಟಿದೆ. ಏನೂ ಇಲ್ಲ. ಎಪ್ಪತ್ತೆಂಟರಲ್ಲಿ ಬಲಗೈಗೆ ಬಹಳ ಸಣ್ಣದೊಂದು ನಡುಕ ಸಿಕ್ಕಿತು. ಬೇರೆ ಯಾರಿಗೂ ಸಿಗುವಂಥದ್ದಲ್ಲ. ತಿರುಗಿಸಿಕೊಂಡು ಬಂದು ಹೇಳಿದೆ.

"ಎಪ್ಪತ್ತೆಂಟಾ?" ಅವರು ಹುಬ್ಬೇರಿಸಿದರು. "ನಮ್ ರಸ್ತೇಲಿ ಅಷ್ಟ್ ಸ್ಪೀಡು ಯಾರ್ ಹೋಗ್ತಾರೆ ಬಿಡಿ ಮೇಡಂ." ಸರದಿಯಲ್ಲಿದ್ದ ಇಬ್ಬರು ಗೊಣಗಿದರು. ನಾನು ಅಲ್ಲಿಂದ ಕದಲಲಿಲ್ಲ. ಕೊನೆಗೆ ಬಲಗಡೆ ಮುಂದಿನ ಚಕ್ರವನ್ನು ಬಿಚ್ಚಿ ಮತ್ತೆ ಯಂತ್ರಕ್ಕೇರಿಸಿದರು. ಐದು ಗ್ರಾಮ್ ತೋರಿಸಿತು. ಅವರು ಯಂತ್ರವನ್ನೊಮ್ಮೆ ನೋಡಿ ನನ್ನನ್ನೊಮ್ಮೆ ನೋಡಿದರು.

ಮತ್ತೆ ಹೋದೆ. ನಲವತ್ತರಿಂದ ಎಂಬತ್ತೈದರವರೆಗೆ ಎರಡು ಸಲ ನೋಡಿದೆ. ಸ್ಟೀರಿಂಗ್ ಮೇಲೆ ಬೆರಳ ತುದಿಯಷ್ಟೇ ಇಟ್ಟು ನೋಡಿದೆ. ಏನೂ ಇರಲಿಲ್ಲ. ಅಲ್ಲಿಂದ ಹಾಗೇ ಬೈಪಾಸು ಹಿಡಿದು ಕಡೂರಿಗೆ ಹೊರಟುಬಿಡಬಹುದಿತ್ತು. ಹಿಂತಿರುಗಿ ಅಂಗಡಿಗೇ ಬಂದೆ.

ಅವರು ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದರು. "ಈಗ ಏನೂ ಇಲ್ಲ," ಎಂದು ಬಗ್ಗಿ ಹೇಳಿದೆ. ಒಳಗಿನಿಂದ ಒಂದು ಕೈ ಮಾತ್ರ ಹೊರಗೆ ಬಂದು, ಸರಿ ಸರಿ ಎಂಬಂತೆ ಅಲ್ಲಾಡಿ, ಮತ್ತೆ ಒಳಗೆ ಹೋಯಿತು. ನಾನು ಪುಸ್ತಕ ತೆರೆದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಎಷ್ಟರಿಂದ ಎಷ್ಟರ ತನಕ ನೋಡಿದೆ ಎಂದು ಯಾರಾದರೂ ಕೇಳಬಹುದು ಎಂದುಕೊಂಡು…